ಬೆತ್ತದ ಕುರ್ಚಿಯ ಮಂಡಿ

ಮಂಗಳವಾರ, ಮಾರ್ಚ್ ೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಕಾಗದ ತಡವಾಯಿತು. ಒಂಬತ್ತು ವರ್ಷ ತಡ ಮಾಡಿದವಳು ಯಾವ ಬಾಯಲ್ಲಿ ಕ್ಷಮೆ ಕೇಳಬೇಕೋ ತಿಳಿಯದು. ಫೋನ್ ಮಾಡೋಣವೆಂದರೆ ನಮ್ಮಿಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ‘ಹಲೋ’ ಮುಗಿಯುವುದರೊಳಗೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ಹರಿದು ಹಾಕುವ ಮೊದಲು ನಾಲ್ಕು ಸಾಲಾದರೂ ಓದಿರುತ್ತೀಯ.

ನನ್ನ ಸುದ್ದಿ ಎಂದರೆ ಮಂಡಿನೋವು. ಜೀವಮಾನವೆಲ್ಲ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾ ಮಿಷನ್ ತುಳಿದದ್ದಕ್ಕೆ ಸಿಕ್ಕ ಬಹುಮಾನ. ಎರಡನೇ ಮಹಡಿಯಿಂದ ಇಳಿದು ಬೀದಿ ನೋಡಿ ಯಾವ ಕಾಲವಾಯಿತೋ. ಆಸ್ಪತ್ರೆಗೆ ಹೋಗಿಬರುವುದೇ ಒಂದು ಯುದ್ಧವೆಂದು ಮಗಳು ಫೋನಿನಲ್ಲೇ ವ್ಯಾಯಾಮ ಮಾಡಿಸುವವರನ್ನು ಹುಡುಕಿದಳು. ವಾರದಲ್ಲಿ ಮೂರು ದಿನ ಬೆಳಗ್ಗೆ ಫೋನಿನ ಪರದೆಯ ಮೇಲೆ ಒಬ್ಬ ಫಿಸಿಯೋ ಹುಡುಗಿ ಬರುತ್ತಾಳೆ, ನಾವೊಂದಷ್ಟು ಮುದುಕ ಮುದುಕಿಯರು ಸೇರುತ್ತೇವೆ. ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ ಕೂರುತ್ತೇನೆ. ಮೊದಲ ದಿನ ತಲೆ ಬಾಚಿ, ಪೌಡರ್ ಹಚ್ಚಿಕೊಂಡು ಕೂತರೆ ಮಗಳು ನಕ್ಕಳು. “ಅಮ್ಮಾ, ಅಲ್ಲಿ ಯಾರೂ ನಿನ್ನ ಮುಖ ನೋಡಲ್ಲ. ಮಂಡಿ ತೋರಿಸು, ಸಾಕು.”

ನಿಜವೇ. ಪರದೆಯ ಮೇಲೆ ಚೌಕ ಚೌಕವಾಗಿ ಕುರ್ಚಿಗಳು, ಒಂದೊಂದರಲ್ಲೂ ಎರಡೆರಡು ಮಂಡಿ. ಎಲ್ಲರ ಮನೆಯ ಕುಕ್ಕರೂ ಒಟ್ಟಿಗೆ ಕೂಗಬಾರದೆಂದು ಆ ಹುಡುಗಿ ನಮ್ಮ ದನಿಯನ್ನು ಮುಚ್ಚಿಟ್ಟಿರುತ್ತಾಳೆ. ಕರೆಯುವುದೂ ಕುರ್ಚಿಯ ಹೆಸರಿನಿಂದಲೇ. “ಹಸಿರು ಕುರ್ಚಿ ಅಜ್ಜ, ಕಾಲು ಇನ್ನೂ ಸ್ವಲ್ಪ ನೆಟ್ಟಗೆ ಮಾಡಿ. ಬೆತ್ತದ ಕುರ್ಚಿ ಅಮ್ಮ, ಉಸಿರು ಹಿಡೀಬೇಡಿ.”

ಆ ಬೆತ್ತದ ಕುರ್ಚಿಯ ಬಲಮಂಡಿಯ ಮೇಲೆ ಅರ್ಧಚಂದ್ರದಂಥ ಗಾಯದ ಗುರುತಿದೆ. ಚಿಕ್ಕಂದಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಸೈಕಲ್ ಬಿಟ್ಟು ಬಿದ್ದೆಯಲ್ಲ, ಅದೇ ಗುರುತು. ನೋಡಿದ ಕೂಡಲೇ ನೀನೇ ಎಂದು ಗೊತ್ತಾಯಿತು. “ಕೈ ಊರದೆ ಎದ್ದೇಳಿ” ಎಂದಾಗ ಆ ಕಾಲುಗಳು ಗಡಗಡ ನಡುಗಿದವು, ಅರ್ಧ ಎದ್ದು ದೊಪ್ಪನೆ ಕೂತುಬಿಟ್ಟವು. “ಬೆತ್ತದ ಕುರ್ಚಿ ಅಮ್ಮ ಹತ್ತು ವರ್ಷದಿಂದ ಒಂದು ಮೆಟ್ಟಿಲೂ ಹತ್ತಿಲ್ವಂತೆ. ಅವರೇ ಬಿಡದೆ ಮಾಡ್ತಿದಾರೆ, ನೀವೂ ಮಾಡಿ” ಎಂದು ಹುಡುಗಿ ನಮಗೆಲ್ಲ ಹುರುಪು ತುಂಬಿದಳು.

ನಾನು ಅತ್ತುಬಿಟ್ಟೆ, ಅಕ್ಕ. ಯಜಮಾನರು ಹಾಸಿಗೆ ಹಿಡಿದು ಸವೆಯುತ್ತಿದ್ದಾಗ, ವಾರ್ಡಿನಲ್ಲಿ ಊರವರನ್ನೆಲ್ಲ ಎತ್ತಿ ಮಲಗಿಸಿದ ನರ್ಸು, ನನ್ನ ಒಡಹುಟ್ಟಿದವಳು, ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲವೆಂದು ಉರಿದುಹೋಗಿದ್ದೆ. “ನಿಮ್ಮಕ್ಕ ಬಂದ್ರಾ?” ಎಂದು ಅವರು ಬಾಗಿಲ ಸದ್ದಾದಾಗಲೆಲ್ಲ ಕೇಳುತ್ತಿದ್ದರು. ಕೊನೆಗೆ ಮಣ್ಣಿಗೂ ನೀನು ಬರಲಿಲ್ಲ.

ಈಗ ಅರ್ಥವಾಯಿತು. ಬರಲು ನಿನ್ನ ಕಾಲು ಬಿಡಲಿಲ್ಲ, ಬರಲಾರೆನೆಂದು ಹೇಳಲು ನಿನ್ನ ಜಂಬ ಬಿಡಲಿಲ್ಲ. ಒಳ್ಳೆಯ ಜೋಡಿ! ಇಷ್ಟು ದಿನವೂ ನಿನ್ನ ಪಕ್ಕದ ಚೌಕದಲ್ಲಿ ಕೂತು, ನೀನು ಕಾಲೆತ್ತಿದರೆ ನಾನೂ ಎತ್ತುತ್ತಿದ್ದೇನೆ. ನೀನು ಸೋತು ಕೂತ ದಿನ ನನಗೂ ಕೈಲಾಗುವುದಿಲ್ಲ.

ಆದರೆ ವಾಸಿಯಾಗುವ ಆಸೆ ನನಗಿಲ್ಲ. “ಸವೆದಿರೋದು ಮತ್ತೆ ಬೆಳೆಯಲ್ಲಮ್ಮ, ಇರೋದನ್ನ ಉಳಿಸ್ಕೊಳ್ಳೋಣ” ಎಂದು ಹುಡುಗಿ ಹೇಳಿಬಿಟ್ಟಿದ್ದಾಳೆ. ನಾನು ನಿನ್ನ ಮನೆಗೆ ಬರಲಾರೆ, ನೀನು ಇಲ್ಲಿಗೆ ಹತ್ತಲಾರೆ. ಒಬ್ಬರ ಮಂಡಿ ಒಬ್ಬರು ನೋಡಿಕೊಂಡೇ ನಮ್ಮ ಕಥೆ ಮುಗಿಯುತ್ತದೆ. ಅಷ್ಟಾದರೂ ಇದೆಯಲ್ಲ. ಈ ಕಾಗದ ತಲುಪಿದ ಮೇಲೆ ಒಂದು ದಿನ ಫೋನನ್ನು ಸ್ವಲ್ಪ ಮೇಲಕ್ಕೆತ್ತು. ನಾನೂ ಎತ್ತುತ್ತೇನೆ.

ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನನಗೆ ನಿನ್ನದು ಬೇಕು.

ನಿನ್ನ ತಂಗಿ,
ಗುಬ್ಬಿ

ಮತ್ತೆ ಬರೆದದ್ದು, ಶುಕ್ರವಾರ: ಮಗಳಿಗೆ ಬಿಡುವಾಗದೆ ಕಾಗದ ಅಂಚೆಗೆ ಬೀಳದೆ ಇಲ್ಲೇ ಉಳಿಯಿತು. ಇವತ್ತು ವ್ಯಾಯಾಮ ಮುಗಿದ ಮೇಲೆ ಬೆತ್ತದ ಕುರ್ಚಿಯವಳು ಫೋನ್ ಆಫ್ ಮಾಡಲು ಬಗ್ಗಿದಳು. ಮುಖ ಕಂಡಿತು. ನೀನಲ್ಲ. ಯಾರೋ ಬೇರೆ ಹೆಂಗಸು, ಪಾಪ, ನಮ್ಮೆಲ್ಲರ ಕಡೆ ನೋಡಿ ನಕ್ಕಳು. ಚಿಕ್ಕಂದಿನಲ್ಲಿ ಬಿದ್ದು ಗಾಯ ಮಾಡಿಕೊಳ್ಳದ ಮಂಡಿ ಯಾರದಿದೆ ಹೇಳು.

ಮೇಲೆ ಬರೆದದ್ದನ್ನು ಹರಿಯಲು ಕೈ ಬರಲಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಅಕ್ಕಾ, ನಿನ್ನ ಕಾಲು ಹೇಗಿದೆ? ಚೆನ್ನಾಗಿದ್ದರೆ, ಅವತ್ತು ಯಾಕೆ ಬರಲಿಲ್ಲ? ಉತ್ತರ ಬರೆಯುವುದಾದರೆ ಮಂಡಿನೋವಿತ್ತು ಎಂದೇ ಬರೆ. ಸುಳ್ಳಾದರೂ ಪರವಾಗಿಲ್ಲ.