ತವರಿನ ಕೈ ತೆಗೆಯಬೇಕಾದ ಹೊದಿಕೆ

ಲುಂಬಾನ್ ಹರಿಯಾರಾ, ಪೊರ್ಸೆಯಾ
14 ಸೆಪ್ಟೆಂಬರ್ 1986

ಪ್ರೀತಿಯ ತಮ್ಮ ಹುಮಾಲಾನಿಗೆ,

ನಿನ್ನಕ್ಕ ಲಮ್ರಿಯಾಳ ಆಶೀರ್ವಾದಗಳು. ನಾವಿಲ್ಲಿ ಆರೋಗ್ಯವಾಗಿದ್ದೇವೆ. ದುಮಾಯಿ ಬಂದರಿನ ಆ ಬಿಸಿಲಲ್ಲಿ ನೀನು, ನಿನ್ನ ಹೆಂಡತಿ ಹೇಗಿದ್ದೀರೋ. ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಕೊಯ್ಲಿನ ಕೆಲಸವಿತ್ತು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ಸುಳ್ಳು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ.

ಮೊದಲು ಒಳ್ಳೆಯ ಸುದ್ದಿ. ಟಿಯುರ್ ತನ್ನ ಮೊದಲ ಉಲೋಸ್ ಹೊದಿಕೆ ನೇಯ್ದು ಮುಗಿಸಿದಳು. ಇನ್ನೂ ಹದಿನಾಲ್ಕು ತುಂಬಿಲ್ಲ ನನ್ನ ಮಗಳಿಗೆ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚಿಕ್ಕದು, ಆದರೂ ಅಂಚು ಎಲ್ಲಿಯೂ ಓರೆಯಾಗಿಲ್ಲ. ಅತ್ತೆಗೆ ಕಣ್ಣು ಮಂದವಲ್ಲವೇ, ಬೆರಳಲ್ಲೇ ಅಂಚು ಸವರಿ ನೋಡಿ, "ನಿಮ್ಮಮ್ಮ ಈ ಮನೆಗೆ ಬಂದಾಗ ನೇಯ್ದಿದ್ದು ಗೋಣಿಚೀಲ ಇದ್ದಂಗಿತ್ತು ಕಣೇ, ನಿಂದೇ ವಾಸಿ" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ, ಸಂತೆಯಲ್ಲಿ ಮೂರು ಜನ ಬೆಲೆ ಕೇಳಿದರು. ಹುಡುಗಿಗೆ ಅದನ್ನು ಹುಟ್ಟಲಿರುವ ನಿನ್ನ ಮಗುವಿಗೆ ಕಳಿಸುವ ಆಸೆ. ಬೈದೆ. ತವರು ನಮಗೆ ಹೊದಿಸಬೇಕೇ ಹೊರತು ನಾವು ತವರಿಗೆ ಹೊದಿಸುವುದುಂಟೇ? ಮಗು ಹುಟ್ಟಲಿ, ನಮ್ಮ ಪಾಲಿನ ಕಾಣಿಕೆ ಹಂದಿಮಾಂಸ ಹೊತ್ತುಕೊಂಡು ಬರುತ್ತೇವೆ, ಬಾಯಿ ಮುಚ್ಚಿಕೊಂಡು ತಿನ್ನು.

ನಿನ್ನ ಭಾವನನ್ನು ಮಣ್ಣು ಮಾಡಿದ ರೀತಿಯನ್ನು ಊರು ಇವತ್ತಿಗೂ ಹೊಗಳುತ್ತದೆ. ದೋಣಿಗೆ ಹಲಗೆ ಕೂರಿಸುತ್ತಿದ್ದ ಮನುಷ್ಯ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ, ಆದರೆ ಸರೋವರದ ಆಚೆ ದಡದಿಂದಲೂ ಅವರೇ ಮಾಡಿದ ದೋಣಿಗಳಲ್ಲಿ ಜನ ಬಂದರು. ಅವರ ಸೋದರಮಾವ ಎಂಬತ್ತರ ವಯಸ್ಸಿನಲ್ಲಿ ತಾವೇ ಅಡಿಯಿಂದ ಮುಡಿವರೆಗೆ ಉಲೋಸ್ ಹೊದಿಸಿದರು. ನಮ್ಮ ಮದುವೆಯಲ್ಲಿ ಇಬ್ಬರನ್ನೂ ಒಂದೇ ಉಲೋಸಿನಲ್ಲಿ ಸುತ್ತಿದ್ದರು, ನಾನು ಬಸುರಿಯಾದಾಗ ಅಪ್ಪ ಅಮ್ಮ ಬಂದು ಹೆಗಲಿಗೆ ಇನ್ನೊಂದು ಹೊದಿಸಿದ್ದರು. ನಮ್ಮ ಬಾಳೆಲ್ಲ ಒಬ್ಬರು ಇನ್ನೊಬ್ಬರಿಗೆ ಹೊದಿಸುವುದೇ ಆಯಿತು. ಅಂಥ ಗಂಡನ ಹೆಂಡತಿ ನಾನು ಎಂದು ತಲೆಯೆತ್ತಿಯೇ ನಡೆಯುತ್ತೇನೆ.

ಆ ತಲೆಯ ಮೇಲೆ ನೀನು ಹೊದಿಸಿದ ತುಜುಂಗ್ ಇನ್ನೂ ಹಾಗೇ ಇದೆ, ಹುಮಾಲಾ. ನೂರು ದಿನ ದಾಟಿತು. ಮಣ್ಣು ಮಾಡಿದ ಮರುದಿನವೇ ನೀನು ಅದನ್ನು ತೆಗೆದು ನನ್ನ ಮುಖ ತೊಳೆಸಬೇಕಿತ್ತು. ಹಡಗು ಕಾಯುವುದಿಲ್ಲ ಅಕ್ಕಾ ಎಂದು ಮಣ್ಣು ಮಾಡಿದ ಸಂಜೆಯೇ ನೀನು ಬಸ್ಸು ಹತ್ತಿದೆ. ಈ ವಿಧವೆಯ ಹೊದಿಕೆ ತಲೆಯ ಮೇಲಿರುವಷ್ಟು ದಿನ ಮಗ್ಗ ಮುಟ್ಟಬಾರದು ಎಂಬುದು ಅತ್ತೆಯ ಕಟ್ಟಳೆ. ಹಾಗಾಗಿ ಮಗಳು ನೇಯುತ್ತಾಳೆ, ನಾನು ನೂಲು ಸುತ್ತಿಕೊಡುತ್ತೇನೆ.

ಹೋದ ತಿಂಗಳು ದೊಡ್ಡಪ್ಪನ ಮಗ ಜಮಾಂಗಿನ್, ಅವನ ಹೆಂಡತಿ ರುಸ್ತಿ ಬಟ್ಟಲಲ್ಲಿ ನೀರು, ತಟ್ಟೆಯಲ್ಲಿ ಅಕ್ಕಿ ಹಿಡಿದುಕೊಂಡು ಬಂದರು.

"ನಾನೂ ನಿನ್ನ ತವರಿನವನೇ ಅಲ್ವಾ? ಕೂತ್ಕೋ, ತೆಗೆದುಬಿಡ್ತೀನಿ. ಮಕ್ಕಳ ಹೊಟ್ಟೆಪಾಡು ನೋಡು" ಎಂದ.

"ಹೊದಿಸಿದ ಕೈಯೇ ತೆಗೀಲಿ. ನೀನು ಬಂದಿದ್ದೀಯಲ್ಲ, ಊಟ ಮಾಡ್ಕೊಂಡು ಹೋಗು" ಎಂದೆ.

ರುಸ್ತಿ ಬಿಡುವವಳೇ? "ಹುಮಾಲಾ ಬರೋ ಹೊತ್ತಿಗೆ ನಿನ್ನ ಕೂದಲು ನೆರೆತಿರುತ್ತೆ ಅತ್ತಿಗೆ. ಇಷ್ಟೊಂದು ಜಂಬ ಯಾಕೆ? ಗಂಡ ಸತ್ತ ದಿನ ಒಂದು ಹನಿ ಕಣ್ಣೀರೂ ಹಾಕ್ಲಿಲ್ಲ, ಈಗ ಇದೊಂದು" ಎಂದಳು.

ಅತ್ತೆ ಒಳಗಿಂದಲೇ, "ನನ್ನ ಸೊಸೆ ಜಂಬ ಮಾಡದೆ ನೀನು ಮಾಡ್ತೀಯಾ? ಅದಕ್ಕೂ ಯೋಗ್ಯತೆ ಬೇಕಮ್ಮ" ಎಂದರು. ಅವತ್ತು ಅವರ ಕಾಲಿಗೆ ಬೀಳಬೇಕೆನಿಸಿತು. ಚರ್ಚಿನ ಹಿರಿಯರೂ ಬಂದು ಬುದ್ಧಿ ಹೇಳಿ ಹೋದರು, ಅವರಿಗೂ ಅದೇ ಉತ್ತರ ಕೊಟ್ಟೆ. ಲಮ್ರಿಯಾ ಹಟಮಾರಿ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ, ಆಡಿಕೊಳ್ಳಲಿ. ತಮ್ಮನ ಮೇಲೆ ಇಷ್ಟು ಭರವಸೆ ಇಟ್ಟವಳು ಇನ್ನೊಬ್ಬಳಿಲ್ಲ ಎಂದೂ ಅವರೇ ಹೇಳುತ್ತಾರೆ. ಅದನ್ನು ಕೇಳಿದಾಗ ನನಗೆ ಹೆಮ್ಮೆಯೇ ಆಗುತ್ತದೆ.

ಹಡಗು ದಡಕ್ಕೆ ಬಂದ ಕೂಡಲೇ ರಜೆ ಕೇಳು. ನಿನ್ನ ಹೆಂಡತಿಗೆ ಭಾರ ಎತ್ತಬೇಡವೆಂದು ಹೇಳು. ಅಪ್ಪ ಅಮ್ಮನ ಪುಣ್ಯ, ದೇವರ ಕೃಪೆ ನಿಮ್ಮನ್ನು ಕಾಯಲಿ. ನಿನ್ನ ಮನೆ ತುಂಬ ಮಕ್ಕಳಾಗಲಿ.

ಇಂತಿ ನಿನ್ನ ಅಕ್ಕ,
ಲಮ್ರಿಯಾ

ತಾ.ಕ.: ಹರಿದು ಹಾಕಿದ ಕಾಗದಗಳಲ್ಲಿ ಇದ್ದದ್ದನ್ನು ಈಗ ಬರೆದೇಬಿಡುತ್ತೇನೆ. ಜಮಾಂಗಿನ್‌ನನ್ನು ನಾನು ತಡೆದದ್ದು ಮರ್ಯಾದೆಗಾಗಿ ಅಲ್ಲ. ರುಸ್ತಿಯೂ ನೇಯುವವಳು, ಬಟ್ಟೆ ಕೈಗೆ ಸಿಕ್ಕರೆ ಯಾರ ನೇಯ್ಗೆಯೆಂದು ಹೇಳಿಬಿಡುತ್ತಾಳೆ. ಅವತ್ತು ನೀನು ಬಸ್ಸಿಳಿದು, ಸಂತೆಯಲ್ಲಿ ಆತುರಾತುರವಾಗಿ ಕೊಂಡು ತಂದು ನನ್ನ ತಲೆಗೆ ಹೊದಿಸಿದ್ದು ನಾನೇ ನೇಯ್ದದ್ದು. ನೀಲಿ ನೂಲು ಸಾಲದೆ ಕೊನೆಯ ಎರಡು ಬೆರಳಗಲ ಕಪ್ಪು ಹಾಕಿದ್ದೆ, ಆ ಕಪ್ಪು ನೇರ ನನ್ನ ಕಣ್ಣ ಮುಂದೆ ಬಂದು ಬಿತ್ತು. ಐದು ವರ್ಷದ ಹಿಂದೆ ನಿನ್ನ ಭಾವ ಡೋಲು ಬಾರಿಸುತ್ತೇನೆಂದು ನಾಟಕದವರ ಹಿಂದೆ ಹೋಗಿ ಏಳು ತಿಂಗಳು ಸುದ್ದಿಯೇ ಇಲ್ಲದಿದ್ದಾಗ, ಈ ಗಂಡಸು ನನ್ನ ಪಾಲಿಗೆ ಸತ್ತ ಎಂದು ಬೈದುಕೊಳ್ಳುತ್ತಾ, ನನಗೆಂದೇ ನೇಯ್ದ ತುಜುಂಗ್ ಅದು. ಅವರು ತಿರುಗಿ ಬಂದು ಬಾಗಿಲಲ್ಲಿ ನಗುತ್ತಾ ನಿಂತರು. ಹೆದರಿ ಮರುವಾರವೇ ಅದೇ ಸಂತೆಯಲ್ಲಿ ಮಾರಿಬಿಟ್ಟೆ. ಗಂಡ ಬದುಕಿರುವಾಗ ತನ್ನ ತುಜುಂಗ್ ತಾನೇ ನೇಯ್ದುಕೊಂಡವಳು ಅವನ ಸಾವನ್ನು ಕರೆದಳು ಎಂದು ಊರು ಅನ್ನುತ್ತದೆ, ನಿನಗೆ ಹೇಳಬೇಕಿಲ್ಲ. ನಾನೂ ಅದನ್ನೇ ಅಂದುಕೊಳ್ಳುತ್ತೇನೆ. ನಿನ್ನ ತಪ್ಪೇನೂ ಇಲ್ಲ ತಮ್ಮಾ, ನಿನಗೆ ಹೇಗೆ ಗೊತ್ತಾಗಬೇಕು. ನೀನೇ ಬಾ. ತೆಗೆದು ಮಡಚಿ ನಿನ್ನ ಚೀಲದೊಳಗೆ ಹಾಕಿಕೊಂಡುಬಿಡು. ಮುಖ ತೊಳೆಸುವಾಗ ಮಾತ್ರ ಅವಸರ ಮಾಡಬೇಡ, ನೀರು ಹಾಕುತ್ತಲೇ ಇರು. ಅಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದೆ ಅವರಿಗಾಗಿ ನಾನಿನ್ನೂ ಅತ್ತಿಲ್ಲ.