ಎಡಗಾಲಿಗೆ ಅಗಲದ ಮೆಟ್ಟಿಲು

ಮಂಗಳವಾರ, ಮಧ್ಯಾಹ್ನ
ದೋಣಿ ಶೆಡ್ಡಿನಿಂದ

ಮಗಳ ಅಪ್ಪನಿಗೆ,

ಬೇರೆ ಹೇಗೆ ಕರೆಯಬೇಕೆಂದು ತೋಚದೆ ಹೀಗೆ ಕರೆದಿದ್ದೇನೆ. ‘ರೀ’ ಎನ್ನಬೇಕಾದರೆ ಮನುಷ್ಯ ಕೂಗಳತೆಯಲ್ಲಿರಬೇಕು. ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ. ನಿಮ್ಮ ಪತ್ರ ಬಂತು. ಹನ್ನೊಂದು ವರ್ಷದ ಮೇಲೆ ಬರೆದ ಮೊದಲ ಪತ್ರದಲ್ಲಿ ಕ್ಷೇಮ ಸಮಾಚಾರ ಒಂದು ಸಾಲು, ದೋಣಿಯ ಅಳತೆ ಒಂದೂವರೆ ಪುಟ. ನೀವು ಬದಲಾಗಿಲ್ಲವೆಂದು ಸಮಾಧಾನವೂ ಆಯಿತು, ಸಿಟ್ಟೂ ಬಂತು. ಫೋನ್ ಮಾಡಿದ್ದರೆ ಇಬ್ಬರೂ ಸುಮ್ಮನಿರುವುದನ್ನೇ ಇಬ್ಬರೂ ಕೇಳಿಸಿಕೊಳ್ಳುತ್ತಿದ್ದೆವು, ಬರೆದದ್ದೇ ಒಳ್ಳೆಯದಾಯಿತು.

ನೀವು ಕೇಳಿದ್ದು ಇಷ್ಟು. ಒಬ್ಬ ಗಿರಾಕಿಗೆ ಎಂಟು ಜನ ಕೂರುವ ವಿಹಾರದ ದೋಣಿ ಕಟ್ಟುತ್ತಿದ್ದೀರಿ. ಆಳವಾದ ದೊಡ್ಡ ಕೆರೆ, ಜನರನ್ನು ನಿಧಾನವಾಗಿ ಸುತ್ತಿಸಿ ತೋರಿಸುವ ಕೆಲಸ. ಗಿರಾಕಿ ನೀರಿನಡಿ ರೆಕ್ಕೆ ತಿರುಗುವ ಪ್ರೊಪೆಲ್ಲರೇ ಬೇಕೆಂದು ಹಟ ಹಿಡಿದಿದ್ದಾಳೆ, ನಿಮಗೆ ಜೆಟ್ ಹಾಕುವುದೇ ಸರಿ ಎನಿಸುತ್ತದೆ. ಇಷ್ಟು ವರ್ಷ ಜೆಟ್ ಓಡಿಸಿದವಳು ನಾನು, ನನ್ನ ಅಭಿಪ್ರಾಯ ತಿಳಿಸಬೇಕು. ಓದಿ ನಗು ಬಂತು. ಜೆಟ್ ಎಂಬ ಮಾತೆತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದವರು ನೀವು. ಅದು ದೋಣಿನಾ, ನೀರು ಕುಡಿದು ಉಗಿಯೋ ಯಂತ್ರ ಅದು ಅಂತ ಇದೇ ಶೆಡ್ಡಿನಲ್ಲಿ ನಿಂತು ಹೇಳಿದ್ದೀರಿ. ಈಗ ಅದನ್ನೇ ಹಾಕುತ್ತೇನೆ ಎನ್ನುತ್ತೀರಿ.

ಆಮೇಲೆ ಪತ್ರದ ಹಿಂಬದಿ ತಿರುಗಿಸಿದೆ. ಅಲ್ಲಿ ಏಣಿಯ ಚಿತ್ರ ಬರೆದಿದ್ದೀರಿ. ಎಲ್ಲ ಮೆಟ್ಟಿಲೂ ಎಡಗಡೆ ಒಂದು ಹಿಡಿ ಅಗಲ ಜಾಸ್ತಿ, ಅಂಚು ಸ್ವಲ್ಪ ಮೇಲೆ, ಕಾಲು ಜಾರದಂತೆ ಗೀರು. ಪಕ್ಕದಲ್ಲಿ, ಗಿರಾಕಿಗೆ ಎಡಗಾಲಿನ ಹಿಡಿತ ಕಡಿಮೆ ಎಂದು ಬರೆದಿದ್ದೀರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನಿಮ್ಮ ಕತೆ. ಎಡಗಾಲಿನಲ್ಲಿ ಎರಡು ಬೆರಳಿಲ್ಲದ, ಹಟಮಾರಿ, ದೋಣಿ ಕಟ್ಟಿಸುವ ಹುಡುಗಿಯರು ಲೋಕದಲ್ಲಿ ಎಷ್ಟು ಜನ ಇದ್ದಾರು? ದೋಣಿ ಯಾರು ಕಟ್ಟುತ್ತಿದ್ದಾರೆ ಎಂದು ನಾನು ಕೇಳಿದಾಗ ನಮ್ಮ ಮಗಳು ಹೇಳಿದ್ದೂ ಹಾಗೇ ಇತ್ತು. ಒಬ್ರು ಹಳಬರಮ್ಮಾ, ಕೆಲಸ ಚೆನ್ನಾಗಿ ಮಾಡ್ತಾರೆ, ಮಾತು ಕಮ್ಮಿ ಅಂದಳು. ಅಪ್ಪ ಮಗಳು ಯಾವಾಗಿನಿಂದ ಹೀಗೆ ಸೇರಿಕೊಂಡಿದ್ದೀರೋ ನನಗೆ ಗೊತ್ತಿಲ್ಲ. ಹೊಟ್ಟೆಕಿಚ್ಚಾಯಿತು. ಸಂಜೆಯವರೆಗೆ ಗಿರಾಕಿಗಳ ಮೇಲೆಲ್ಲ ರೇಗಾಡಿದೆ. ರಾತ್ರಿ ಮಲಗುವ ಹೊತ್ತಿಗೆ ಸಂತೋಷವಾಯಿತು.

ಹಾಗಾಗಿ ಇದು ಗಿರಾಕಿಯ ವಿಷಯವಲ್ಲ. ಮಗಳ ದೋಣಿಯ ಕೆಳಗೆ ಮತ್ತೆ ಪ್ರೊಪೆಲ್ಲರ್ ಕಟ್ಟಲು ನಿಮಗೆ ಕೈ ಬರುತ್ತಿಲ್ಲ. ಬೇಡ ಎನ್ನಲು ಬಾಯಿಯೂ ಬರುತ್ತಿಲ್ಲ. ನಾನು ಜೆಟ್ ಎಂದು ಬರೆದರೆ, ನಿಮ್ಮಮ್ಮ ಹೇಳಿದಳು ಎಂದು ಅವಳಿಗೆ ತೋರಿಸಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಅರ್ಥವಾಯಿತು. ಆದರೂ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡುತ್ತೇನೆ.

ಮೊದಲು ಜೆಟ್ಟಿನ ಒಳ್ಳೆಯ ಗುಣ ಹೇಳಿಬಿಡುತ್ತೇನೆ. ದೋಣಿಯ ಅಡಿಯಲ್ಲಿ ಏನೂ ನೇತಾಡುವುದಿಲ್ಲ, ಅಂಗೈಯಷ್ಟು ಚೊಕ್ಕಟ. ತಿರುಗುವುದೆಲ್ಲ ಕೊಳವೆಯ ಒಳಗೆ. ಮೊಣಕಾಲುದ್ದದ ನೀರಿನಲ್ಲಿ, ಮರಳ ದಡದವರೆಗೂ ಹೋಗುತ್ತದೆ, ಕಲ್ಲು ತಾಗಿ ರೆಕ್ಕೆ ಬಾಗುವ ಭಯವಿಲ್ಲ. ಮಕ್ಕಳು ದೋಣಿಯ ಹಿಂದೆ ಧುಮುಕಿ ಆಡುವಾಗ ನನ್ನ ಎದೆ ಹೊಡೆದುಕೊಳ್ಳುವುದಿಲ್ಲ. ಬಿಚ್ಚುಗೂದಲು, ಉದ್ದ ದಾರ ನೀರೆಳೆಯುವ ಅಡಿಯ ಜಾಲರಿಯ ಹತ್ತಿರ ಬರಬಾರದು ಎಂದಷ್ಟು ಹೇಳಿ, ನಾನು ಮೇಲೆ ಕೂತು ನೋಡುತ್ತಿರುತ್ತೇನೆ. ಈಜುವವರಿಗೆ, ಆಳವಿಲ್ಲದ ನೀರಿಗೆ, ಜೆಟ್ಟೇ ಸರಿ. ಇದರಲ್ಲಿ ನೀವು ಸೋತಿರಿ, ನಾನು ಗೆದ್ದೆ. ಹೇಳಿಕೊಳ್ಳಲು ಎದುರಿಗೆ ನೀವಿರಲಿಲ್ಲ.

ಈಗ ನೀವು ಗೆದ್ದದ್ದನ್ನು ಹೇಳುತ್ತೇನೆ. ಅದು ಕುಡಿಯುವುದು ಬರೀ ನೀರಲ್ಲ. ಮರಳು, ಬೆಣಚುಕಲ್ಲು, ಪಾಚಿ, ಯಾರೋ ಎಸೆದ ಪ್ಲಾಸ್ಟಿಕ್ ಚೀಲ, ಎಲ್ಲವನ್ನೂ ಎಳೆದುಕೊಂಡು ಗಂಟಲಲ್ಲಿ ಸಿಕ್ಕಿಸಿಕೊಂಡು ನಡುನೀರಿನಲ್ಲಿ ನಿಲ್ಲುತ್ತದೆ. ಪ್ರೊಪೆಲ್ಲರಿಗಾದರೆ ಎಂಜಿನ್ ಮೇಲೆತ್ತಿ ಚಾಕುವಿನಿಂದ ಕತ್ತರಿಸಿ ಎಸೆದರೆ ಮುಗಿಯಿತು. ಇದಕ್ಕೆ ಎಂಜಿನ್ ಆರಿಸಿ, ಹಲಗೆಯ ಮೇಲೆ ಬೋರಲು ಮಲಗಿ, ಕೈ ಒಳಗೆ ಹಾಕಿ, ಹಸುವಿಗೆ ಹೆರಿಗೆ ಮಾಡಿಸಿದ ಹಾಗೆ ಎಳೆಯಬೇಕು. ನೀರಿಗಿಳಿದರೆ ಸುಲಭ ಅಲ್ವಾ ಅಕ್ಕಾ ಅಂತ ನಮ್ಮ ಟಿಕೆಟಿನವನು ಯಾವಾಗಲೂ ಕೇಳುತ್ತಾನೆ. ನಾನು ಕೇಳಿಸದವಳ ಹಾಗೆ ಇರುತ್ತೇನೆ. ಇನ್ನು ಪೆಟ್ರೋಲು. ಅದೇ ಸುತ್ತಿಗೆ ನಿಮ್ಮ ಹಳೆ ದೋಣಿ ಕುಡಿಯುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ. ನಿಧಾನವಾಗಿ ಹೋಗು ಎಂದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಮೂತಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ. ಗಾಳಿ ಇರುವ ದಿನ ಅದನ್ನು ಕಟ್ಟೆಗೆ ತಂದು ನಿಲ್ಲಿಸುವಷ್ಟರಲ್ಲಿ ನನಗೆ ಸಾಕೋಸಾಕಾಗುತ್ತದೆ. ನಿಮ್ಮ ಪ್ರೊಪೆಲ್ಲರ್ ನೀರನ್ನು ಹಿಡಿದು ನಿಲ್ಲುತ್ತಿತ್ತು, ಹಿಂದಕ್ಕೆ ಎಂದರೆ ಹಿಂದಕ್ಕೆ ಬರುತ್ತಿತ್ತು.

ಹಿಂದಕ್ಕೆ ಎಂಬ ಮಾತು ಬರೆದು ಪೆನ್ನು ಕೆಳಗಿಟ್ಟಿದ್ದೆ. ಗಿರಾಕಿಗಳ ಒಂದು ತಂಡವನ್ನು ಸುತ್ತಿಸಿಕೊಂಡು ಬಂದು ಮತ್ತೆ ಕೂತಿದ್ದೇನೆ.

ಆ ದಿನ ಗಾಳಿ ದೋಣಿಯನ್ನು ಕಟ್ಟೆಗೆ ತಳ್ಳುತ್ತಿತ್ತು. ನೀವು ಸ್ವಲ್ಪ ಹಿಂದಕ್ಕೆ ತೆಗೆದಿರಿ, ಅಷ್ಟೇ. ಮಗು ಏಣಿ ಹತ್ತಿಯಾಯಿತು ಎಂದುಕೊಂಡಿದ್ದಿರಿ. ಅವಳು ಕಡೆಯ ಮೆಟ್ಟಿಲಿನಲ್ಲಿ ಕೂತು ನೀರಲ್ಲಿ ಕಾಲಾಡಿಸುತ್ತಿದ್ದಳು. ಯಾರಿಂದಲೂ ಆಗಬಹುದಾಗಿದ್ದ ತಪ್ಪು ಅದು. ಈ ವಾಕ್ಯವನ್ನು ಈಗ ಎಷ್ಟು ಸಲೀಸಾಗಿ ಬರೆದೆ ನೋಡಿ. ಆಸ್ಪತ್ರೆಯ ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು ಕೂತಿದ್ದಾಗ, ಇದೊಂದು ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. ನಾನು ನೋಡ್ಲಿಲ್ಲ ಕಣೇ, ನಾನು ನೋಡ್ಲಿಲ್ಲ ಅಂತ ನೀವು ಹೇಳುತ್ತಲೇ ಇದ್ದಿರಿ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಮಾತು ಬೆಳ್ಳಿ ಮೌನ ಬಂಗಾರ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅವನಿಗೆ ಸಂಸಾರವಿರಲಿಲ್ಲ ಎಂದು ಕಾಣುತ್ತದೆ. ನಾನು ಆವತ್ತು ಕೂಗಾಡಿ ನಿಮ್ಮ ಅಂಗಿ ಹಿಡಿದು ಎಳೆದಿದ್ದರೂ ಚೆನ್ನಾಗಿತ್ತು. ಅತ್ತು ಮುಗಿಯುತ್ತಿತ್ತು.

ಬೈಯುವ ಬದಲು ಜೆಟ್ ದೋಣಿ ತರಿಸಿದೆ. ಲಾರಿಯಿಂದ ಇಳಿಸುವಾಗ ನೀವು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಿರಿ. ಎಷ್ಟು ಅಶ್ವಶಕ್ತಿ ಇದು ಅಂತ ಕೇಳಿದಿರಿ, ಬೇರೇನೂ ಕೇಳಲಿಲ್ಲ. ಆಮೇಲೆ ನೀವೇ ಅದನ್ನು ಕಟ್ಟೆಗೆ ಕಟ್ಟಿದಿರಿ, ಬಿಚ್ಚದ ಹಾಗೆ, ನಿಮ್ಮ ಗಂಟು ಹಾಕಿ. ಈಜುವ ಮಕ್ಕಳಿಗೋಸ್ಕರ ತರಿಸಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಬಂದಾಗ ನೀವು ಅದನ್ನು ನೋಡಲಿ ಎಂದು ತಂದಿದ್ದೆ. ನೀವು ನೋಡಿದಿರಿ. ತಿಂಗಳು ತುಂಬುವುದರೊಳಗೆ ಬೇರೆ ಊರಿನ ದೋಣಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಹೋಗ್ತೀನಿ ಅಂದಿರಿ. ಊಟ ಮಾಡ್ಕೊಂಡು ಹೋಗಿ ಅಂದೆ. ಹೋಗಬೇಡಿ ಎನ್ನಲು ಅಷ್ಟೇ ಉಸಿರು ಸಾಕಾಗುತ್ತಿತ್ತು.

ನೀವು ಹೋದ ಮೇಲೆ ಅದನ್ನು ಓಡಿಸಲು ನಾನೇ ಕಲಿತೆ. ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ, ಪ್ರೊಪೆಲ್ಲರಿನಲ್ಲಿ ಕಲಿತವರೇ ಮಾಡುವ ಎಡವಟ್ಟು. ಕಟ್ಟೆ ಹತ್ತಿರ ಬಂತು, ವೇಗ ಜಾಸ್ತಿಯಿತ್ತು, ಹೆದರಿದೆ. ನೀವು ಕಲಿಸಿದ ಹಾಗೆ ಥ್ರಾಟಲ್ ಪೂರ್ತಿ ಬಿಟ್ಟು, ಎಂಜಿನ್ ವೇಗ ಇಳಿಸಿ, ಸ್ಟೇರಿಂಗ್ ತಿರುಗಿಸಿದೆ. ದೋಣಿ ತಿರುಗಲೇ ಇಲ್ಲ. ನೇರ ಹೋಗಿ ಕಟ್ಟೆಯ ಟೈರುಗಳಿಗೆ ಗುದ್ದಿತು. ಅಕ್ಕ ಕಟ್ಟೇನೇ ಮುಂದಕ್ಕೆ ತಳ್ಳೋಕೆ ಹೊರಟಿದ್ದಾಳೆ ಅಂತ ಪಕ್ಕದ ದೋಣಿಯವರು ಬಿದ್ದು ಬಿದ್ದು ನಕ್ಕರು. ಪ್ರೊಪೆಲ್ಲರ್ ದೋಣಿಗೆ ನೀರಿನೊಳಗೆ ಎಂಜಿನ್ನಿನ ಕಾಲು ಇರುತ್ತದೆ, ವೇಗ ಬಿಟ್ಟರೂ ಸ್ವಲ್ಪ ಮಾತು ಕೇಳುತ್ತದೆ. ಜೆಟ್ಟಿಗೆ ಹಿಂದಿನಿಂದ ಉಗಿಯುವ ನೀರೇ ಚುಕ್ಕಾಣಿ. ನೀರು ನಿಂತರೆ ಚುಕ್ಕಾಣಿಯೂ ಇಲ್ಲ. ತಪ್ಪಿಸಿಕೊಳ್ಳಬೇಕಾದರೆ ಹೆದರಿಕೆಯಲ್ಲೂ ಕೈ ಬಿಡದೆ ಸ್ವಲ್ಪ ವೇಗ ಕೊಟ್ಟೇ ತಿರುಗಿಸಬೇಕು. ಇದು ಕೈಗೆ ಹತ್ತಲು ನನಗೆ ಒಂದು ವರ್ಷ ಹಿಡಿಯಿತು. ನಾವಿಬ್ಬರೂ ಹೆದರಿದಾಗ ಕೈ ಬಿಟ್ಟವರೇ ಎಂದು ಆಗಾಗ ಅನಿಸುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಗಳಿಗೆ ಈ ಹೆದರಿಕೆ ಇಲ್ಲ. ಗಾಯ ಮಾಗಿದ ಮೇಲೆ ಮೊದಲ ಸಲ ನೀರಿಗಿಳಿಯುವಾಗ ಕೈ ಚಾಚಿ, ಅಮ್ಮಾ ಎಂಜಿನ್ ಕೀಲಿ ನನ್ನ ಹತ್ರ ಇರ್ಲಿ ಅಂದಳು. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಧುಮುಕಿದಳು. ಅವಳು ಹತ್ತಿ ಬಂದು ಕೀಲಿ ಕೊಡುವವರೆಗೆ ಎಂಜಿನ್ ಸದ್ದು ಮಾಡುವಂತಿಲ್ಲ. ಈಗ ನಮ್ಮ ಕಟ್ಟೆಯ ಎಲ್ಲ ದೋಣಿಗಳಲ್ಲೂ ಅದೇ ಪದ್ಧತಿ. ನೀರಿಗಿಳಿಯುವವರ ಕೊರಳಲ್ಲಿ ಕೀಲಿ. ಜೆಟ್ ಬೇಕಾಗಿರಲಿಲ್ಲ, ಒಂದು ಗೇಣು ದಾರ ಸಾಕಾಗಿತ್ತು. ಅದು ಹೊಳೆದದ್ದು ಮಗುವಿಗೆ.

ದೊಡ್ಡವಳಾದ ಮೇಲೆ ಒಂದು ದಿನ, ಅಪ್ಪ ಯಾಕೆ ಹೋದ್ರು ಅಂತ ಕೇಳಿದಳು. ನಿನ್ನ ಕಾಲಿನ ವಿಷಯ ಅವರಿಗೆ ತಡೆಯೋಕಾಗ್ಲಿಲ್ಲ ಅಂದೆ. ಕಾಲಿನ ಬೆರಳು ಹೋಗಿದ್ದು ನಂದು, ಮಾತು ಬಿಟ್ಟಿದ್ದು ನೀವಿಬ್ರು, ಅದಕ್ಕೂ ನನ್ನ ಕಾಲಿಗೂ ಏನಮ್ಮ ಸಂಬಂಧ ಅಂದಳು. ನಾನು ಎದ್ದು ಹೋಗಿ ದೋಣಿ ತೊಳೆದೆ, ತೊಳೆದದ್ದನ್ನೇ ತೊಳೆದೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಅವಳ ಕೆರೆ ಆಳ. ಸುತ್ತು ದೂರ, ವೇಗ ಕಡಿಮೆ. ಗಾಳಿಯಲ್ಲಿ ಕಟ್ಟೆಗೆ ಬಂದು ಮೆತ್ತಗೆ ನಿಲ್ಲಬೇಕು, ಏಕೆಂದರೆ ಬರುವವರಲ್ಲಿ ಮುದುಕರೇ ಹೆಚ್ಚು. ದಡದಲ್ಲಿ ಪಾಚಿ ಇದೆ ಎಂದು ನೀವೇ ಬರೆದಿದ್ದೀರಿ. ಅವಳ ಪ್ರವಾಸಿಗರು ಈಜುವುದಿಲ್ಲ, ಈಜುವವಳು ಅವಳೊಬ್ಬಳೇ, ಅವಳಿಗೆ ಕೀಲಿ ಎಲ್ಲಿರಬೇಕೆಂದು ಗೊತ್ತು. ಪ್ರೊಪೆಲ್ಲರ್ ಹಾಕಿ. ಸುತ್ತ ಬಳೆಯಂಥ ಕಾಪು ಹಾಕಬೇಕೋ ಬೇಡವೋ ಎನ್ನುವುದು ನಿಮ್ಮ ಲೆಕ್ಕ, ಹಾಕಿದರೆ ನೂಕುವ ಶಕ್ತಿ ಸ್ವಲ್ಪ ತಗ್ಗುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ನಿಮ್ಮ ಕೈಯಿಂದಲೇ ಹಾಕಿ, ಬೇರೆಯವರ ಕೈಲಿ ಹಾಕಿಸಬೇಡಿ. ಅಮ್ಮ ಹೇಳಿದಳು ಎಂದು ಅವಳಿಗೆ ತಿಳಿಸಿ. ಈ ಮಾತನ್ನು ಹನ್ನೊಂದು ವರ್ಷದ ಹಿಂದೆ, ಆ ಹಳೆಯ ದೋಣಿಯ ಪಕ್ಕದಲ್ಲೇ ನಿಂತು ನಾನು ಹೇಳಬೇಕಾಗಿತ್ತು. ನಿಮ್ಮ ಕೈ ಮೇಲೆ ನನಗೆ ನಂಬಿಕೆ ಹೋಗಿರಲಿಲ್ಲ. ಹೋಗಿದೆ ಎಂದು ನೀವು ತಿಳಿದುಕೊಂಡಿರಿ, ನಾನು ತಿದ್ದಲಿಲ್ಲ.

ಮನೆಗೆ ಬನ್ನಿ ಎಂದು ಬರೆಯುತ್ತಿಲ್ಲ. ಇಬ್ಬರಿಗೂ ಒಬ್ಬೊಬ್ಬರೇ ಇರುವುದು ರೂಢಿಯಾಗಿದೆ. ನಿಮ್ಮ ಚಹಾಕ್ಕೆ ಸಕ್ಕರೆ ಎಷ್ಟೆಂದು ನೆನಪಿಸಿಕೊಳ್ಳಲು ಮೊನ್ನೆ ಯೋಚಿಸಬೇಕಾಯಿತು, ಆಗ ಅಳು ಬಂತು. ಹೋದ ವರ್ಷಗಳನ್ನು ಯಾವ ಎಂಜಿನ್ನೂ ಹಿಂದಕ್ಕೆ ತರುವುದಿಲ್ಲ. ಆರೋಗ್ಯ ನೋಡಿಕೊಳ್ಳಿ. ಸೊಂಟ ಬಗ್ಗಿಸಿ ಬಹಳ ಹೊತ್ತು ಕೆಲಸ ಮಾಡಬೇಡಿ.

ಇಷ್ಟು ಬರೆದು ಕೈ ಸೋತವಳು,
ನಿಮ್ಮ ಮಗಳ ಅಮ್ಮ

ಮರೆತಿದ್ದು: ಮದುವೆಯಾದ ಹೊಸದರಲ್ಲಿ ನಾನು ನೀರಿಗೆ ಹೆದರುತ್ತಿದ್ದಾಗ, ಊರಿಗೆ ಬಂದವಳು ನೀರಿಗೆ ಬರ್ದೇ ಇರ್ತಾಳಾ ಎಂದು ಕಾಡಿಸಿ ಈಜು ಕಲಿಸಿದಿರಿ. ಮಗಳ ಕಾಲಿಗೆ ಪೆಟ್ಟಾದ ದಿನದಿಂದ ಈವರೆಗೆ ನಾನು ಪಾದ ಕೂಡ ನೀರಿಗೆ ಇಳಿಸಿಲ್ಲ. ಮಗಳಿಗೂ ಇದು ಗೊತ್ತಿಲ್ಲ, ಮಂಡಿನೋವು ಎಂದು ಹೇಳಿಕೊಂಡು ಬಂದಿದ್ದೇನೆ. ದೋಣಿ ಮುಗಿದ ಮೇಲೆ ಮೊದಲ ಸುತ್ತಿಗೆ ನನ್ನನ್ನು ಕರೆಯಿರಿ. ಸ್ಟೇರಿಂಗ್ ಹಿಡಿಯುವವರು ನೀವೇ ಆಗಿರಬೇಕು. ನಡುನೀರಿನಲ್ಲಿ ಎಂಜಿನ್ ಆರಿಸಿ, ಕೀಲಿ ತೆಗೆದು, ನಿಮ್ಮ ಕೈಯಾರೆ ನನ್ನ ಕೊರಳಿಗೆ ಹಾಕಿ. ಆ ಅಗಲದ ಮೆಟ್ಟಿಲು ಹಿಡಿದು ನಾನು ಇಳಿಯುತ್ತೇನೆ.