ಆರು ತಿಂಗಳ ಕೆಲಸ, ಇನ್ನೊಬ್ಬರ ಲಾಗಿನ್

ಪ್ರವೇಶಾನುಮತಿ ವಿಭಾಗದ ಮುಖ್ಯಸ್ಥರೇ,

ಸರ್ವರ್‌ಗೆ ಆದೇಶ ಕೊಡಲು ಅನುಮತಿ ಕೋರಿದ ನನ್ನ ಮೂರನೆಯ ಅರ್ಜಿಯನ್ನೂ ತಾವು ತಿರಸ್ಕರಿಸಿದ್ದೀರಿ. ಕಾರಣದ ಜಾಗದಲ್ಲಿ ಒಂದೇ ಸಾಲು: 'ಅರ್ಜಿದಾರರಿಗೆ ಈ ಸೌಲಭ್ಯದ ಅಗತ್ಯ ಕಂಡುಬಂದಿಲ್ಲ.' ಶುಕ್ರವಾರ ನನ್ನ ಪ್ರೊಬೇಷನ್ ಮುಗಿಯುತ್ತದೆ. ನನ್ನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಅದೇ ಸೌಲಭ್ಯವನ್ನು ಯಾರು ಎಷ್ಟು ಬಳಸಿದರೆಂಬ ದಾಖಲೆ, ಅಂದರೆ ಲಾಗ್, ನೋಡಿ ನಿರ್ಧರಿಸುತ್ತಾರೆ. ಆದ್ದರಿಂದ ಸಂಸ್ಥೆಯ ಎಲ್ಲರೂ ಓದುವ ಪುಟದಲ್ಲಿ ಇದನ್ನು ಹಾಕುತ್ತಿದ್ದೇನೆ.

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಮಹಡಿಯಿಂದ ನಲವತ್ತು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸರದಿ ಕೊಡುವ ಟೋಕನ್ ವ್ಯವಸ್ಥೆ ನಡೆಯುತ್ತದೆ. ಅದು ಎಲ್ಲಿ ನಿಂತರೂ ಕಚೇರಿಯ ಚಾಟ್‌ನಲ್ಲಿರುವ ಬಾಟ್ ಎಂಬ ಸ್ವಯಂಚಾಲಿತ ಸಹಾಯಕನಿಗೆ ಒಂದು ಸಾಲಿನ ಆದೇಶ ಟೈಪ್ ಮಾಡಿದರೆ ಸಾಕು, ಸರ್ವರ್ ಮತ್ತೆ ಏಳುತ್ತದೆ. ತಮ್ಮ ಪಟ್ಟಿಯಲ್ಲಿ ಹೆಸರಿಲ್ಲದವರ ಮಾತನ್ನು ಬಾಟ್ ಕೇಳುವುದಿಲ್ಲ. ವಿಶ್ವವಿದ್ಯಾಲಯಕ್ಕೇ ಪ್ರಥಮ ಸ್ಥಾನ ಪಡೆದು ಬಂದ ನಾನು ಆರು ತಿಂಗಳಿಂದ ಸಹೋದ್ಯೋಗಿ ಪ್ರಸನ್ನ ಅವರ ಕುರ್ಚಿಯ ಹಿಂದೆ ನಿಂತು ಆದೇಶ ಹೇಳುತ್ತೇನೆ. ಅವರು ಟೈಪ್ ಮಾಡುತ್ತಾರೆ. "ಹೇಳಿ ಮೇಡಂ, ತಲೆ ನಿಮ್ದು, ಬೆರಳು ನಂದು" ಎನ್ನುತ್ತಾರೆ. ಪಕ್ಕದ ಮೇಜಿನ ದೀಪು, "ಪ್ರಸನ್ನಂಗೆ ಹಿನ್ನೆಲೆ ಗಾಯಕಿ ಸಿಕ್ಬಿಟ್ಟಿದಾರೆ ಗುರು" ಎಂದು ಎಲ್ಲರನ್ನೂ ನಗಿಸುತ್ತಾರೆ. ನಾನೂ ನಕ್ಕಿದ್ದೇನೆ. ತಪ್ಪಾದದ್ದು ಅಲ್ಲೇ. ಕೆಲಸ ಎಲ್ಲೂ ನಿಲ್ಲಲಿಲ್ಲವಾದ್ದರಿಂದ ನನಗೆ ಅನುಮತಿಯಿಲ್ಲವೆಂಬುದು ಯಾರನ್ನೂ ಬಾಧಿಸಲಿಲ್ಲ. ಲಾಗ್‌ನಲ್ಲಿ ಪ್ರಸನ್ನರ ಹೆಸರಿನಲ್ಲಿ ಇನ್ನೂರ ಹದಿನಾಲ್ಕು ಆದೇಶಗಳಿವೆ, ನನ್ನ ಹೆಸರಿನಲ್ಲಿ ಒಂದೂ ಇಲ್ಲ.

ಬಳಸದವರಿಗೆ ಅಗತ್ಯವಿಲ್ಲ, ಅಗತ್ಯವಿಲ್ಲದವರಿಗೆ ಅನುಮತಿಯಿಲ್ಲ, ಅನುಮತಿಯಿಲ್ಲದವರು ಬಳಸುವಂತಿಲ್ಲ. ಇಷ್ಟು ನಿರ್ದುಷ್ಟವಾದ ತರ್ಕವನ್ನು ನನಗೆ ಯಾವ ಪ್ರಾಧ್ಯಾಪಕರೂ ಕಲಿಸಿರಲಿಲ್ಲ. ತಾವು ಎಲ್ಲಿ ಓದಿದಿರಿ?

ಕಳೆದ ಸೋಮವಾರ ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ಟೋಕನ್ ನಿಂತಿತು. ಆ ಪಾಳಿಯಲ್ಲಿ ಅನುಮತಿಯಿದ್ದವರು ಪ್ರಸನ್ನ ಒಬ್ಬರೇ. ಅವರ ಬಸ್ಸು ಹೊಸೂರು ರಸ್ತೆಯಲ್ಲಿ ಸಿಕ್ಕಿಕೊಂಡಿತ್ತು. ಫೋನಿನಲ್ಲೇ ಪಾಸ್‌ವರ್ಡ್ ಹೇಳಲು ಮುಂದಾದರು. ಬೇಡವೆಂದೆ, ಹೇಳಬಾರದೆಂಬ ನಿಯಮ ತಮ್ಮ ವಿಭಾಗದ್ದೇ. ಆಸ್ಪತ್ರೆಯ ಕೌಂಟರಿನಿಂದ ಒಬ್ಬಾಕೆ ಕರೆ ಮಾಡಿ, "ಮಗು ಎತ್ಕೊಂಡ್ ನಿಂತವ್ರೆ ಮೇಡಂ, ಏನಾರ ಮಾಡಿ" ಎಂದರು. ಮಾಡಬೇಕಾದ ಆದೇಶ ನನಗೆ ಬಾಯಿಪಾಠವಿತ್ತು. ಪ್ರಸನ್ನ ಬಂದು ಟೈಪ್ ಮಾಡುವವರೆಗೆ ಹತ್ತೊಂಬತ್ತು ನಿಮಿಷ ಪರದೆ ನೋಡುತ್ತಾ ಕುಳಿತೆ.

ಮಧ್ಯಾಹ್ನ ಮ್ಯಾನೇಜರ್ ಆಶಾರಾಣಿಯವರು ನನ್ನ ಪ್ರೊಬೇಷನ್ ವರದಿ ತೆರೆದು, "ಲಾಗಲ್ಲಿ ನಿನ್ ಹೆಸ್ರೇ ಇಲ್ವಲ್ಲಮ್ಮ, ನಾನೇನಂತ ಬರೀಲಿ?" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನನಗೂ ಸಿಟ್ಟು ಬರಲಿಲ್ಲ. ಸಂಜೆ ಹೆಬ್ಬಗೋಡಿಯ ನನ್ನ ಬಾಡಿಗೆ ಕೋಣೆಗೆ ಹೋಗಿ, ಅನ್ನ ಮಾಡಿ ಉಂಡು, ಪಾತ್ರೆ ತೊಳೆದಿಟ್ಟೆ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಅದೂ ಬರಲಿಲ್ಲ.

ಶುಕ್ರವಾರದೊಳಗೆ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿ. ಪ್ರಸನ್ನರ ಹೆಸರಿನಲ್ಲಿರುವ ಆದೇಶಗಳನ್ನು ಹೇಳಿದವರು ಯಾರೆಂದು ವರದಿಯಲ್ಲಿ ಬರೆಸಿ; ಅದಕ್ಕೆ ಸಹಿ ಹಾಕಲು ಅವರೇ ಒಪ್ಪಿದ್ದಾರೆ. ಎರಡೂ ಆಗದೆಂದರೆ, ನಿರಾಕರಿಸಿದವರು ತಾವೆಂದು ತಮ್ಮ ದೂರವಾಣಿ ಸಂಖ್ಯೆಯ ಸಮೇತ ಬರೆದು ಕೊಡಿ. ಮುಂದಿನ ಸಲ ಟೋಕನ್ ನಿಂತಾಗ ಕರೆ ಮಾಡಿದವರಿಗೆ ಆ ಸಂಖ್ಯೆಯನ್ನೇ ಕೊಡುತ್ತೇನೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಈವರೆಗೆ ಏನೂ ಮಾಡದ
ನೀಲಾಂಬಿಕಾ